ಬೀಡಿ ಸೇದುವ ಗೋಡೆ

ಮನುಷ್ಯನ ಇಂದ್ರಿಯಗಳಲ್ಲಿ ಮೂಗಿನಷ್ಟು ಅಸಹಾಯಕವಾದದ್ದು ಇನ್ನೊಂದಿಲ್ಲ ಎಂದು ಈಗೀಗ ನನಗೆ ಅನ್ನಿಸುತ್ತಿದೆ. ಕಣ್ಣು ಕಂಡದ್ದನ್ನು ಬೆರಳು ಮಾಡಿ ತೋರಿಸಬಹುದು. ಕಿವಿ ಕೇಳಿದ್ದನ್ನು ಬಾಯಿಂದ ಅನುಕರಿಸಿಯಾದರೂ ತಿಳಿಸಬಹುದು. ಮೂಗಿಗೆ ಬಂದದ್ದನ್ನು ಏನು ಮಾಡುವುದು? "ವಾಸನೆ ಬರ್ತಾ ಇದೆ" ಎನ್ನಬಹುದು, ಅಷ್ಟೆ. ಎದುರಿನವರು "ನಂಗೇನೂ ಬರ್ತಿಲ್ಲವಲ್ಲ" ಎಂದುಬಿಟ್ಟರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಹೀಗೆಂದು ಹೇಳುತ್ತಿರುವ ನಾನು ಮೂಗಿನಿಂದಲೇ ಅನ್ನ ಉಣ್ಣುವವನು. ಹುಣಸೂರು ತಾಲ್ಲೂಕಿನಲ್ಲಿ, ಗುರುಪುರದ ಕಡೆಯ ನಮ್ಮ ಊರಿನ ಹಾಲಿನ ಡೈರಿಗೆ ನಾನು ಕಾರ್ಯದರ್ಶಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊರಿನವರೆಲ್ಲ ತರುವ ಕ್ಯಾನುಗಳ ಮುಚ್ಚಳ ತೆಗೆದು ಮೂಸುತ್ತೇನೆ. ಹಾಲು ಒಡೆಯಲು ಹೊರಟಿದೆಯೇ, ಕ್ಯಾನು ಸರಿಯಾಗಿ ತೊಳೆದಿಲ್ಲವೇ ಎಂಬುದನ್ನೆಲ್ಲ ಯಂತ್ರಕ್ಕಿಂತ ಮೊದಲು ನನ್ನ ಮೂಗು ಹೇಳಿಬಿಡುತ್ತದೆ. ಆ ಮಾತನ್ನು ಊರು ನಂಬುತ್ತದೆ. ನಂಬದೆ ಉಳಿದದ್ದು ನನ್ನ ಮನೆ ಮಾತ್ರ. ಅದಕ್ಕೆ ಕಾರಣ ಒಂದು ಗೋಡೆ. ಆ ಗೋಡೆಯನ್ನು ಕಟ್ಟಿಸಿದವನೂ ನಾನೇ.

ನಮ್ಮ ಮನೆಯ ಹಿಂದೆ ಅಪ್ಪ ಕಟ್ಟಿಸಿದ ಹೊಗೆಸೊಪ್ಪಿನ ಬ್ಯಾರನ್ ಒಂದಿತ್ತು. ಹುಣಸೂರು, ಪಿರಿಯಾಪಟ್ಟಣದವರಿಗೆ ಬ್ಯಾರನ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಅದು ಮೂರಾಳು ಎತ್ತರದ, ಬೆಳಕಿಗೆ ಅಷ್ಟಾಗಿ ದಾರಿ ಕೊಡದ ಇಟ್ಟಿಗೆಯ ಕಟ್ಟಡ. ಹೊರಗೆ ಒಲೆ. ಒಲೆಯ ಶಾಖ ದಪ್ಪ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಹರಿಯುತ್ತದೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ನೆಲದ ಮೇಲಿನಿಂದ ಸೂರಿನವರೆಗೆ ಸಾಲಾಗಿ ತೂಗುಹಾಕಿ, ಹದವಾಗಿ ಕಾಯಿಸುತ್ತ ಹೋದರೆ ಸೊಪ್ಪು ಮೊದಲು ಹಳದಿಗೆ ತಿರುಗಿ, ಆಮೇಲೆ ಒಣಗುತ್ತದೆ. ಆ ದಿನಗಳಲ್ಲಿ ನಮ್ಮ ಅಪ್ಪ ಗೋಡೆಗೆ ಅಂಗೈ ಒತ್ತಿ ನಿಂತು, ಸಣ್ಣ ಕಿಂಡಿಯ ಮುಚ್ಚಳ ಸರಿಸಿ ಒಳಗಿನ ಗಾಳಿ ಮೂಸಿ, "ಇನ್ನೊಂಚೂರು ಬೆಂಕಿ ಆಕ್ರಲಾ" ಎನ್ನುತ್ತಿದ್ದರು. ನನ್ನ ಮೂಗು ಅವರಿಂದ ಬಂದದ್ದು ಎಂದು ನಾನು ನಂಬಿದ್ದೇನೆ. ಅವರು ತಮ್ಮ ಮೂಗಿನಿಂದ ಮನೆ ನಡೆಸಿದರು. ನಾನು ನನ್ನ ಮೂಗಿನಿಂದ ಏನು ಮಾಡಿದೆ ಎಂಬುದನ್ನೇ ಈಗ ಹೇಳಹೊರಟಿರುವುದು.

ಅಪ್ಪ ಹೋದ ಮೇಲೆ ಹೊಗೆಸೊಪ್ಪು ಬಿಟ್ಟೆವು. ಬ್ಯಾರನ್ನಿಗೆ ಕೆಲಸವಿಲ್ಲವಾಯಿತು. ನಾಲ್ಕಾರು ಕೋಳಿಗಳು, ಒಂದು ಮುರಿದ ನೇಗಿಲು, ಸೌದೆ, ಇಷ್ಟನ್ನು ಇಟ್ಟುಕೊಂಡು ಅದು ಸುಮ್ಮನೆ ನಿಂತಿತ್ತು. ಎರಡು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ನಾನು ಎಮ್ಮೆಗೆ ಹುಲ್ಲು ಹಾಕಲೆಂದು ಹಿತ್ತಲಿಗೆ ಹೋದೆ. ಆ ಹೊತ್ತು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಮೊದಲು ಸೂರಿನಿಂದ ಒಂದು ಹೆಂಚು ಜಾರಿ ಬಿದ್ದಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹತ್ತಿರ ಹೋಗಿ ಆ ಹೆಂಚನ್ನು ಎತ್ತಿಕೊಳ್ಳೋಣವೇ ಬೇಡವೇ ಎಂದು ನಾನು ಯೋಚಿಸುತ್ತ ನಿಂತೆ. ನನ್ನ ಯೋಚನೆ ನಿಧಾನ. ಹಾಗಾಗಿ ಬದುಕಿದೆ. ಪಡುವಲ ಗೋಡೆ ಹೊಟ್ಟೆ ಉಬ್ಬಿಸಿಕೊಂಡು, ಒಂದು ಕ್ಷಣ ಉಸಿರು ಹಿಡಿದ ಹಾಗೆ ನಿಂತು, ಹಾಗೇ ಕುಳಿತುಬಿಟ್ಟಿತು. ಬಿದ್ದಿತು ಎನ್ನಲಾರೆ. ವಯಸ್ಸಾದವರು ಜಗಲಿಯ ಮೇಲೆ ಕೂರುವಂತೆ ಕೂತಿತು. ಕೆಂಪು ಧೂಳು ನನ್ನ ಮೇಲೆಲ್ಲ ಕವಿಯಿತು. ಆ ಧೂಳಿನ ಒಳಗೆ, ಅಪ್ಪ ಕಿಂಡಿ ಸರಿಸಿದಾಗ ಬರುತ್ತಿದ್ದ ಅದೇ ಬೆಚ್ಚನೆಯ ಘಾಟು. ನನ್ನ ಹೆಂಡತಿ ಜಯಮ್ಮ ಓಡಿಬಂದು ನನ್ನ ರಟ್ಟೆ ಹಿಡಿದು ಅಲ್ಲಾಡಿಸಿ, "ಏನಾರಾ ಆಯ್ತೇನ್ರೀ? ಮಾತಾಡ್ರೀ" ಎಂದಳಂತೆ. ನಾನು, "ಎಮ್ಮೆಗೆ ಇನ್ನೂ ಹುಲ್ಲು ಹಾಕಿಲ್ಲ" ಎಂದೆನಂತೆ. ಅದರ ನಂತರ ಎಷ್ಟೋ ದಿನ ಯಾವುದೇ ಗೋಡೆಯ ಪಕ್ಕ ಹಾದುಹೋಗುವಾಗ ನನ್ನ ಹೆಗಲು ತಾನಾಗಿ ಆಚೆಗೆ ವಾಲುತ್ತಿತ್ತು. ಡೈರಿಯಲ್ಲಿ ಅದನ್ನು ಕಂಡವರು ಕುಡಿತ ಶುರುವಾಯಿತೇನೋ ಎಂದುಕೊಂಡರು.

ಉಳಿದ ಗೋಡೆಗಳನ್ನೂ ಕೆಡವಿಸಿದೆವು. ಇಟ್ಟಿಗೆಯ ರಾಶಿ ಹಿತ್ತಲಿನಲ್ಲಿ ಬಿದ್ದಿತು. ಅದೇ ಸಮಯಕ್ಕೆ ಮೈಸೂರಿನಲ್ಲಿ ಏನೋ ಒಂದು ಪ್ರದರ್ಶನಕ್ಕೆ ಹೋಗಿದ್ದ ನಾನು ಅಲ್ಲೊಂದು ಮಳಿಗೆಯ ಮುಂದೆ ನಿಂತುಬಿಟ್ಟೆ. ಹಳೆಯ ಇಟ್ಟಿಗೆ, ಒಡೆದ ಹೆಂಚು, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ, ಇಂಥ ಬಿಸಾಡುವ ವಸ್ತುಗಳನ್ನೆಲ್ಲ ಪುಡಿ ಮಾಡಿ ಗಾರೆಗೆ ಸೇರಿಸಿದರೆ ಸಿಮೆಂಟೂ ಕಡಿಮೆ ಸಾಕು, ಮರಳೂ ಕಡಿಮೆ ಸಾಕು, ಹೊಳೆಯೂ ಉಳಿಯುತ್ತದೆ ಎಂದು ಅಲ್ಲಿದ್ದ ಒಬ್ಬ ಹುಡುಗಿ ಬಹಳ ಚೆನ್ನಾಗಿ ವಿವರಿಸಿದಳು. ನನಗೆ ನಮ್ಮ ಊರಿನ ಹಳೆಯ ಗಾರೆ ಗಾಣ ನೆನಪಾಯಿತು. ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲದ ನೀರು ಸುರಿದ ದುಂಡು ಕಾಲುವೆಯಲ್ಲಿ ಕಲ್ಲಿನ ಚಕ್ರ ಉರುಳಿಸುತ್ತ ಎತ್ತು ಸುತ್ತು ಹಾಕುತ್ತಿತ್ತು. ನಾವು ಮಕ್ಕಳು ಗಾರೆಯ ಬೆಲ್ಲ ಕದ್ದು ತಿಂದು, ಅದರ ಜೊತೆ ಅಷ್ಟಿಷ್ಟು ಸುಣ್ಣವನ್ನೂ ತಿಂದು, ನಾಲಿಗೆ ಸುಟ್ಟುಕೊಂಡು ಹೊಳೆಯ ಕಡೆ ಓಡುತ್ತಿದ್ದೆವು. ಪ್ರದರ್ಶನದ ಹುಡುಗಿ ಹೊಸದು ಎಂದು ಹೇಳಿದ್ದನ್ನು ನಮ್ಮ ಅಜ್ಜಂದಿರು ಹಳೆಯದೆಂದು ಬಿಟ್ಟಿದ್ದರು. ಇದನ್ನು ಆಕೆಗೆ ಹೇಳಬೇಕೆಂದು ನಾನು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಳಿಗೆಯ ಮುಂದೆ ಬೇರೆ ಜನ ಬಂದು ನಿಂತಿದ್ದರು.

ಹೊಟ್ಟಿನ ಬೂದಿಗೆ ಕೆ.ಆರ್. ನಗರಕ್ಕೆ ಹೋದೆ. ಅಲ್ಲಿ ನನ್ನ ಷಡ್ಡಕನಿಗೆ ಪರಿಚಯದ ಅಕ್ಕಿ ಗಿರಣಿಯೊಂದಿದೆ. ಅವರು ಒಂದು ಗೋಣಿಚೀಲದ ತುಂಬ ಬೂದಿಯನ್ನು ಪುಕ್ಕಟೆ ಕೊಟ್ಟದ್ದಲ್ಲದೆ, ಇಷ್ಟೇ ಸಾಕೇ ಎಂದು ಆಸೆಯಿಂದ ಕೇಳಿದರು. ಬೂದಿ ಹಾರದಿರಲೆಂದು ಚೀಲದ ಬಾಯಿಗೆ ನನ್ನ ಬಿಳಿಯ ಟವಲ್ಲನ್ನು ಕಟ್ಟಿ, ಹುಣಸೂರಿನ ಬಸ್ಸು ಹತ್ತಿ, ಅದನ್ನು ಕಾಲ ನಡುವೆ ಇಟ್ಟುಕೊಂಡು ನಿಂತೆ. ಕಂಡಕ್ಟರು, "ಏನ್ರೀ ಅದು ಚೀಲ?" ಎಂದ. "ಬೂದಿ" ಎಂದೆ. ಅವನು ಟಿಕೆಟ್ ಮೆಷಿನ್ನಿನ ಮೇಲಿಂದ ಬೆರಳು ತೆಗೆದ. ಸುತ್ತಲಿನ ಮಾತು ನಿಂತಿತು. ಒಬ್ಬ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ಪಕ್ಕದಲ್ಲಿದ್ದ ಮುದುಕಿ ಮೆಲ್ಲನೆ, "ಯಾರಪ್ಪಾ, ನಿಮ್ಮೋರಾ?" ಎಂದಳು.

"ಅಲ್ಲಮ್ಮ, ಗಿರಣಿಯದು" ಎಂದೆ.

"ಅಯ್ಯೋ ಸಿವನೇ, ಗಿರಣೀಲಿ ಸಿಕ್ಕಾಕಂಡು ಓದ್ರಾ!" ಎಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದಿನ ಸೀಟಿನಿಂದ ಒಬ್ಬರು, "ಆಳು ಭಾರಿ ಇದ್ರು ಅಂತ ಕಾಣ್ತದೆ" ಎಂದರು, ಚೀಲದ ಗಾತ್ರ ನೋಡಿ. ಇದು ಯಾರ ಬೂದಿಯೂ ಅಲ್ಲ, ಭತ್ತದ ಹೊಟ್ಟಿನದು, ಗಾರೆಗೆ ಬೆರೆಸಲು ಒಯ್ಯುತ್ತಿದ್ದೇನೆ ಎಂದು ನಾನು ಕ್ರಮವಾಗಿ, ಯಾರಿಗೂ ನೋವಾಗದಂತೆ ವಿವರಿಸಿ ಮುಗಿಸುವ ಹೊತ್ತಿಗೆ ಬಸ್ಸು ಬಹಳ ದೂರ ಬಂದಿತ್ತು. ಆದರೂ ಸೀಟು ಬಿಟ್ಟುಕೊಟ್ಟವನು, "ಎದ್ದೇಳ್ರೀ ಮ್ಯಾಕೆ, ಒಳ್ಳೆ ಬೂದಿ ಬಡ್ಕಂಡು ಬಂದ್ರಿ" ಎಂದು ಎಬ್ಬಿಸಿಯೇ ಬಿಟ್ಟ. ಕಂಡಕ್ಟರು ಲಗೇಜ್ ಟಿಕೆಟ್ ಹರಿದ. ಮುದುಕಿ ಮಾತ್ರ ಹುಣಸೂರು ಬರುವವರೆಗೂ ಮುಖ ಆಚೆ ತಿರುಗಿಸಿಕೊಂಡಿದ್ದಳು. ಕಣ್ಣೀರನ್ನೆಲ್ಲ ಭತ್ತದ ಹೊಟ್ಟಿಗೆ ಸುರಿಸಿದೆನಲ್ಲ ಎಂಬ ಸಿಟ್ಟು ಅವಳಿಗೆ.

ಇಷ್ಟೆಲ್ಲ ಯಾವುದಕ್ಕೆಂದರೆ, ನಮ್ಮ ಮಗಳು ಸುಮಳ ಬಾಣಂತನಕ್ಕೆ ಒಂದು ಕೋಣೆ ಬೇಕಾಗಿತ್ತು. ಅವಳನ್ನು ಎಚ್.ಡಿ. ಕೋಟೆ ಕಡೆಯ ಹಂಪಾಪುರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ರೂಢಿ. ಜಯಮ್ಮನಿಗೆ ಅದು ರೂಢಿಗಿಂತ ದೊಡ್ಡದು. ಸುಮ ಹುಟ್ಟುವಾಗ ಜಯಮ್ಮನ ತಾಯಿ ಇರಲಿಲ್ಲ. ತವರು ಎಂದು ಹೋಗಲು ಜಾಗವಿರಲಿಲ್ಲ. ಸೊಪ್ಪಿನ ಸುಗ್ಗಿಯ ನಡುವೆ ಇದೇ ಮನೆಯಲ್ಲಿ ಹೇಗೋ ಆಗಿಹೋಯಿತು. "ನನ್ ಮಗೀಗೆ ಮಾತ್ರ ನಾನೇ ಎಣ್ಣೆನೀರು ಉಯ್ಯದು" ಎಂದು ಮದುವೆಯ ಚಪ್ಪರ ಬಿಚ್ಚುವ ಮುಂಚೆಯೇ ಹೇಳಿದ್ದಳು. ಹಾಗಾಗಿ ನಡುಮನೆಗೆ ಅಂಟಿಸಿ ಒಂದು ಹೊಸ ಕೋಣೆ.

ಗಾರೆ ಕೆಲಸಕ್ಕೆ ಬಂದ ಪುಟ್ಟಸ್ವಾಮಿ ಮೇಸ್ತ್ರಿ ನನ್ನ ಬೂದಿ, ಇಟ್ಟಿಗೆ ಪುಡಿ, ಸುಣ್ಣದ ಗುಡ್ಡೆಗಳನ್ನು ಸುತ್ತು ಹಾಕಿ ನೋಡಿ, "ಸಾ, ಈಗ ಗಾರೆ ಕಲ್ಸದಾ, ತಿಪ್ಪೆ ಕಲ್ಸದಾ, ಒಂದ್ ಯೋಳ್ಬುಡಿ" ಎಂದ. ನಾನು ಹೊಳೆ, ಮರಳು, ಭೂಮಿಯ ಭವಿಷ್ಯ ಎಂದು ಶುರುಮಾಡಿದೆ. ಅವನು "ಆಯ್ತು ಬುಡಿ ಸಾ, ನಿಮ್ ಗ್ವಾಡೆ ನಿಮ್ದು" ಎಂದು ಕೆಲಸಕ್ಕೆ ಇಳಿದ. ಪುಡಿ ಮಾಡಲು ಯಾವ ಇಟ್ಟಿಗೆ ಎಂಬ ಪ್ರಶ್ನೆ ಬಂತು. ಬ್ಯಾರನ್ನಿನ ಹೊರಮೈಯ ಇಟ್ಟಿಗೆಗಳು ಮಳೆ ಕುಡಿದು ಮೆತ್ತಗಾಗಿದ್ದವು. ಒಳಮೈಯವು ಕಪ್ಪಗೆ, ಅಂಟಂಟಾಗಿ, ಬಡಿದರೆ ಠಣ್ಣೆನ್ನುತ್ತಿದ್ದವು. "ಒಳಗಿನವೇ ಆಗಲಿ, ಅವು ವರ್ಷಗಟ್ಟಲೆ ಬೆಂದಿವೆ" ಎಂದು ನಾನೇ ಒಂದೊಂದಾಗಿ ಆರಿಸಿಕೊಟ್ಟೆ. ಹೊಗೆಸೊಪ್ಪಿನ ಸೀಮೆಯಲ್ಲಿ ಹುಟ್ಟಿ, ಅದರ ಅಂಟನ್ನು ಕೈಯಿಂದ ತಿಕ್ಕಿ ತೊಳೆದು ಬೆಳೆದವನು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆ ಊರಿನವನಾಗಿದ್ದರೆ ಇಟ್ಟಿಗೆ ಏಕೆ ಕಪ್ಪಗಿದೆ ಎಂದಾದರೂ ಕೇಳುತ್ತಿದ್ದ. ವರ್ಷಗಟ್ಟಲೆ ಸೊಪ್ಪಿನ ಘಾಟು ಕುಡಿದ ಆ ಕಪ್ಪು ನನ್ನ ಕಣ್ಣಿಗೇ ಬೀಳಲಿಲ್ಲ. ಗೋಡೆಗೆ ನೀರು ಉಣಿಸುವ ದಿನಗಳಲ್ಲಿ ಘಾಟು ಬರುತ್ತಿತ್ತು, ನಿಜ. ಆದರೆ ಪಕ್ಕದಲ್ಲೇ ಬ್ಯಾರನ್ನಿನ ರಾಶಿ ಬಿದ್ದಿತ್ತು. ಅದರದ್ದೆಂದುಕೊಂಡೆವು. ಗೋಡೆ ಒಣಗಿತು, ಸುಣ್ಣ ಬಳಿಸಿದೆವು, ಬೆಳ್ಳಗೆ ಚೆನ್ನಾಗಿ ಕಂಡಿತು. ಪುಟ್ಟಸ್ವಾಮಿ ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆಸಿಕೊಂಡು, ತಿಪ್ಪೆಯ ಮಾತನ್ನು ಮರೆತು, "ಇದು ನನ್ನ ಐಡಿಯಾ" ಎಂದು ಮುಂದಿನ ಮನೆಯಲ್ಲಿ ಹೇಳಿಕೊಂಡನಂತೆ.

ಆಷಾಢ ಕಳೆದ ಮೇಲೆ ಸುಮ ಬಂದಳು. ಜೊತೆಗೆ ಜಡಿಮಳೆಯೂ ಬಂತು. ಎರಡನೆಯ ದಿನವೋ ಮೂರನೆಯ ದಿನವೋ ಜಯಮ್ಮ ಕೋಣೆಯಿಂದ ಹೊರಬಂದು ನನ್ನ ಮುಂದೆ ನಿಂತು, ದನಿ ಏರಿಸದೆ, "ಮತ್ತೆ ಶುರು ಹಚ್ಕಂಡ್ರಾ?" ಎಂದಳು. ನಾನು ಬೀಡಿ ಸೇದುತ್ತಿದ್ದವನು. ಸುಮಳ ಮದುವೆಯ ವರ್ಷ ಬಿಟ್ಟೆ. ಬಿಟ್ಟದ್ದು ನಿಜ, ಆಮೇಲೆ ಮುಟ್ಟಿಲ್ಲ. ಹಾಗೆಂದೆ. "ಹಂಗಾರೆ ಕ್ವಾಣೇಲಿ ಸೇದಿದ್ದು ಯಾರು, ಎಮ್ಮೆಯಾ?" ಎಂದಳು. ಅಂದಿನಿಂದ ನನ್ನ ಅಂಗಿ ಒಗೆಯುವ ಮುನ್ನ ಜೇಬುಗಳು ಒಳಹೊರಗಾದವು. ಬೆಂಕಿಪೊಟ್ಟಣ ದೇವರ ಗೂಡಿನಿಂದ ಅವಳ ಸೊಂಟಕ್ಕೆ ಹೋಯಿತು. ಡೈರಿಗೆ ಹಾಲು ತಂದ ಹೆಂಗಸರು ನಾನು ಕ್ಯಾನು ಮೂಸಲು ಬಗ್ಗಿದಾಗ ತಾವೂ ಬಗ್ಗಿ ನನ್ನನ್ನು ಮೂಸತೊಡಗಿದರು. ಸುಮಳನ್ನು ಕೇಳಿದರೆ, "ನಂಗೇನೂ ತೊಂದ್ರೆ ಇಲ್ಲ ಕಣವ್ವಾ, ಚೆನ್ನಾಗೇ ಅದೆ ವಾಸ್ನೆ" ಎಂದಳು. ಅವಳು ಹುಟ್ಟಿದಾಗಿನಿಂದ ಅಪ್ಪನ ಕಡೆ ಎಂದು ಆ ಸಾಕ್ಷಿಯನ್ನು ತಳ್ಳಿಹಾಕಲಾಯಿತು.

ನಾನು ನಿಧಾನವಾಗಿ ಹುಡುಕತೊಡಗಿದೆ. ಹಾಸಿಗೆ ಮೂಸಿದೆ, ಬೀರು ಮೂಸಿದೆ, ಕಿಟಕಿಯ ಆಚೆ ಕತ್ತು ಚಾಚಿ ಬೀದಿ ಮೂಸಿದೆ. ಕೊನೆಗೆ ಹೊರಗೆ ಮಳೆ ಬಡಿಯುತ್ತಿದ್ದ ಗೋಡೆಗೆ ಒಳಗಿನಿಂದ ಮೂಗು ಇಟ್ಟೆ. ಅಪ್ಪ ಕಿಂಡಿ ಸರಿಸಿದರು ಎಂದೇ ಅನ್ನಿಸಿತು. ಹಾಗೇ ನಿಂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. "ಗ್ವಾಡೆ ಕೂಡೆ ಏನ್ರೀ ಮಾತು?" ಎಂದು ಬಾಗಿಲಲ್ಲಿ ಜಯಮ್ಮ ಕೇಳಿದಳು. "ಸೇದುತ್ತಿರುವುದು ಇದು" ಎಂದು ನಾನು ಗೋಡೆಯನ್ನು ತೋರಿಸಿದೆ. ಬೀಡಿ ಸೇದಿದ್ದಕ್ಕಿಂತ ಇಂಥ ನೆಪ ಹೇಳಿದ್ದು ಅವಳಿಗೆ ಹೆಚ್ಚು ಬೇಸರ ತರಿಸಿತು.

ಇಷ್ಟಕ್ಕೇ ನಿಂತಿದ್ದರೆ ಅದು ಗಂಡಹೆಂಡಿರ ವಿಷಯ. ಆದರೆ ಹಂಪಾಪುರದಿಂದ ಬೀಗಿತ್ತಿ ನಿಂಗಾಜಮ್ಮ ಬಂದರು. ಸುಮಳ ಅತ್ತೆ. ಒಳ್ಳೆಯ ಹೆಂಗಸು, ಮಾತು ಮಾತ್ರ ನೆಟ್ಟಗೆ. ಸೊಸೆಗೆಂದು ಹುರಿಹಿಟ್ಟಿನ ಡಬ್ಬಿ ಹಿಡಿದು ಕೋಣೆಯ ಹೊಸಿಲು ದಾಟಿದವರು ಅಲ್ಲೇ ನಿಂತರು. ಮೂಗು ಒಮ್ಮೆ ಅರಳಿತು. ಡಬ್ಬಿ ಕೆಳಗಿಟ್ಟು ಹೊರಗೆ ಬಂದು, "ಬೀಗ್ರೇ, ತಪ್ ತಿಳ್ಕಬ್ಯಾಡಿ. ನಮ್ ಮೊಮ್ಮಗಾ ಮಲಗೋ ಜಾಗದಾಗೆ ಬೀಡಿ ಸೇದಾರಾ? ನಾಳೆ ಬಸ್ಸಿಗೆ ಸುಮನ್ನ ಕರ್ಕಂಡೋಯ್ತೀನಿ. ಬಾಣಂತನ ನಾನೇ ಮಾಡ್ತೀನಿ ಬುಡಿ" ಎಂದರು.

ಜಯಮ್ಮ ಅಡುಗೆಮನೆಯಲ್ಲಿದ್ದಳು. ಸಾರಿನ ಪಾತ್ರೆಯ ಮುಚ್ಚಳ ತೆಗೆದಿದ್ದವಳು ಅದನ್ನು ಮುಚ್ಚಲೂ ಇಲ್ಲ, ಕೆಳಗಿಡಲೂ ಇಲ್ಲ. ಅದರಿಂದ ನೀರು ಅವಳ ಕಾಲಮೇಲೆ ಹನಿಯುತ್ತಿತ್ತು. ಅವಳು ನನ್ನ ಕಡೆ ನೋಡಿದಳು. ಬೈಯುವ ನೋಟವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅದು ಬೈಗುಳ ಮುಗಿದ ಮೇಲಿನ ನೋಟ.

"ಅಕ್ಕಾ," ಎಂದೆ ನಿಂಗಾಜಮ್ಮನಿಗೆ, "ಬೀಡಿ ಸೇದೋದು ನಾನಲ್ಲ. ಗೋಡೆ."

ಅವರು ಜಯಮ್ಮನ ಕಡೆ ತಿರುಗಿ, ತುಂಬ ಮರುಕದಿಂದ, "ಯಾವಾಗಿಂದವ್ವಾ ಹಿಂಗೆ?" ಎಂದರು.

ನಾನು ಬಚ್ಚಲಿಗೆ ಹೋದೆ. ಒಂದು ಚೊಂಬು ನೀರು ತಂದೆ. ಎಲ್ಲರನ್ನೂ ನಡುಮನೆಯ ಹಳೆಯ ಗೋಡೆಯ ಮುಂದೆ ನಿಲ್ಲಿಸಿ, ಅದಕ್ಕೆ ಅರ್ಧ ಚೊಂಬು ಎರಚಿ, ಮೂಸಿ ಎಂದೆ. ಮೂಸಿದರು. ಬರೀ ಮಣ್ಣು. ಆಮೇಲೆ ಕೋಣೆಗೆ ಕರೆದೊಯ್ದು, ಒಳಗಿನ ಒಣಗಿದ ಮೂಲೆಯಲ್ಲಿ ಉಳಿದರ್ಧ ಎರಚಿದೆ. ಸುಣ್ಣ ನೀರು ಹೀರಿಕೊಂಡು ಬೂದುಬಣ್ಣಕ್ಕೆ ತಿರುಗಿತು. ಮೊದಲು ಸುಣ್ಣದ ವಾಸನೆ ಬಂತು. ಅದರ ಹಿಂದೆಯೇ ಮೆಲ್ಲಗೆ, ಬಾಗಿಲ ಸಂದಿಯಿಂದ ಇಣುಕುವಂತೆ, ಅದು ಬಂತು. ನಿಂಗಾಜಮ್ಮ ಒಂದು ಹೆಜ್ಜೆ ಮುಂದಿಟ್ಟರು. ಮೂಗನ್ನು ಗೋಡೆಗೆ ತಾಗಿಸಿದರು. ಕಣ್ಣು ಮುಚ್ಚಿದರು.

"ಇದು ಬೀಡಿ ಅಲ್ಲ" ಎಂದರು. "ಇದು ಬ್ಯಾರನ್ನು. ಸೊಪ್ಪು ಅಳದೀಗೆ ತಿರುಗ್ತಾವಾಗ ಬತ್ತದಲ್ಲ, ಅದು."

ಆಗ ತಿಳಿಯಿತು, ಅವರ ತವರು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆ. ಕೊಟ್ಟ ಊರಿನಲ್ಲಿ ಅವರ ಮನೆಯವರದ್ದು ರಾಗಿ, ಹತ್ತಿ. ಮದುವೆಯಾಗಿ ಹೋದ ಮೇಲೆ ಈ ವಾಸನೆ ಅವರ ಮೂಗಿಗೆ ಬಿದ್ದಿರಲಿಲ್ಲ. "ನಮ್ಮವ್ವ ಸೊಪ್ಪು ಕಟ್ಟಿ ಬಂದು ತೊಡೆ ಮ್ಯಾಲೆ ಮಲಗಿಸ್ಕಂಡ್ರೆ ಸೀರೆ ತುಂಬಾ ಇದೇ ಬರೋದು ಕಣವ್ವಾ ಜಯಾ" ಎಂದರು. ಜಯಮ್ಮ, ಅಷ್ಟು ದಿನ ಆ ಘಾಟಿಗೆ ಸೆರಗು ಮುಚ್ಚಿಕೊಳ್ಳುತ್ತಿದ್ದವಳು, "ನಂಗೆ ಹೊಸದಾಗಿ ಬಂದಾಗ ಕೈಯೆಲ್ಲ ಅಂಟು. ತೊಳೆದ್ರೂ ಹೋಗ್ತಿರ್ಲಿಲ್ಲ. ಮುದ್ದೆ ಮುರುದ್ರೆ ಮುದ್ದೇನೂ ಕಹಿ" ಎಂದಳು. "ಊಂ ಕಣೆ, ನಮ್ಮವ್ವಂಗೆ ಮಗೀಗೆ ಹಾಲೂಡ್ಸಕ್ಕೂ ಹೆದ್ರಿಕೆ" ಎಂದರು ಅವರು. ಇಬ್ಬರೂ ಮಂಚದ ಮೇಲೆ ಕುಳಿತರು. ಮಾತಿನಲ್ಲಿ ಸೊಪ್ಪಿನ ಕಡ್ಡಿಗಳು ಬಂದವು, ಕೂಲಿಯವರ ಹಾಡು ಬಂತು, ಹಾಡುತ್ತಿದ್ದವರಲ್ಲಿ ಯಾರು ಯಾರು ಹೋದರು ಎಂಬುದು ಬಂತು. ಖಾಲಿ ಚೊಂಬು ಹಿಡಿದು ನಿಂತಿದ್ದ ನನ್ನ ನಿರ್ದೋಷಿತ್ವದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಸುಮ ಮಾತ್ರ ಕಣ್ಣು ಮಿಟುಕಿಸಿದಳು.

ಮಗಳು ಉಳಿದಳು. ಬೀಗಿತ್ತಿಯೂ ಉಳಿದರು. "ನಾಕ್ ದಿನ ಇದ್ದೋಯ್ತೀನಿ ಬುಡಿ, ಈ ಕ್ವಾಣೇಲಿ ನಿದ್ದೆ ಚೆನ್ನಾಗಿ ಬತ್ತದೆ" ಎಂದವರು ಮೊಮ್ಮಗ ಹುಟ್ಟಿ, ತೊಟ್ಟಿಲಿಗೆ ಹಾಕಿ, ಹೆಸರಿಡುವವರೆಗೂ ಹೋಗಲಿಲ್ಲ. ಹೆರಿಗೆ ಹುಣಸೂರಿನ ಆಸ್ಪತ್ರೆಯಲ್ಲಿ ಸುಸೂತ್ರವಾಯಿತು. ಅಷ್ಟರಲ್ಲಿ ಮಳೆ ನಿಂತು, ಬಾಣಂತಿಯ ಕೆಂಡದ ಕಾವಿಗೆ ಗೋಡೆಯೂ ಒಣಗಿ, ಮಗುವಿಗೆ ಸಾಂಬ್ರಾಣಿಯ ಹೊರತು ಬೇರೆ ವಾಸನೆ ಇರಲಿಲ್ಲ. ಎಣ್ಣೆನೀರು ಹಾಕಿದ್ದು ಜಯಮ್ಮನೇ. ಆದರೆ ಎಣ್ಣೆ ಎಷ್ಟು ಬಿಸಿ, ನೀರು ಎಷ್ಟು ಬಿಸಿ ಎಂಬುದನ್ನು ಬಚ್ಚಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದವರು ನಿಂಗಾಜಮ್ಮ. ಒಂದು ಸಂಜೆ ಜಯಮ್ಮ ಜಗಲಿಗೆ ಬಂದು ಕುಸಿದು ಕೂತು, "ಬೀಡಿ ನಾನೇ ಸೇದಿದ್ದು ಅಂತ ನೀವು ಒಪ್ಕಂಡು ಒಂದ್ಮಾತು ತಪ್ಪಾಯ್ತು ಅಂದಿದ್ರೆ, ಆವಮ್ಮ ಬೈದು ಊರಿಗೆ ಹೋಗಿರೋರು" ಎಂದಳು. ಸತ್ಯವನ್ನು ಸಾಬೀತು ಮಾಡಿದ ನಾನು ಆಗ ನಾಲ್ಕು ತಿಂಗಳಿಂದ ಅದೇ ಜಗಲಿಯಲ್ಲಿ ಮಲಗುತ್ತಿದ್ದೆ.

ಮಗುವನ್ನೆತ್ತಿಕೊಂಡು ಅವರೆಲ್ಲ ಹಂಪಾಪುರಕ್ಕೆ ಹೋದ ಮೇಲೆ ಬೇಸಿಗೆ ಬಂತು. ಗೋಡೆ ಪೂರ್ತಿ ಮೂಕವಾಯಿತು. ಪುಟ್ಟಸ್ವಾಮಿ ಬಂದು, "ಬೇಕಾದ್ರೆ ಕೆತ್ತಾಕಿ ಬ್ಯಾರೆ ಗಾರೆ ಬಳಿಯವಾ ಸಾ" ಎಂದ. ನಾನು ಬೇಡ ಎನ್ನುವ ಮುಂಚೆ ಜಯಮ್ಮ, "ಗಟ್ಟಿಯಾಗಿರೋದ ಯಾಕಪ್ಪಾ ಕೆತ್ತದು" ಎಂದು ಅವನನ್ನು ಕಳಿಸಿದಳು. ಮೊನ್ನೆ ಒಂದು ಮಧ್ಯಾಹ್ನ, ಉರಿಬಿಸಿಲು, ಡೈರಿಯ ಕೆಲಸವಿರಲಿಲ್ಲ. ಜಯಮ್ಮ ಹಿತ್ತಲಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಚೊಂಬಿನಲ್ಲಿ ನೀರು ಹಿಡಿದು ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಅಂಗೈಯಿಂದ ಗೋಡೆಗೆ ಚಿಮುಕಿಸಿ, ಮೂಗು ಒತ್ತಿ ನಿಂತೆ. ಬೀಡಿಯನ್ನೂ ನಾನು ಇಷ್ಟು ಕದ್ದುಮುಚ್ಚಿ ಸೇದಿದವನಲ್ಲ. ಅಪ್ಪ ಬಂದರು, ಗೋಡೆಗೆ ಅಂಗೈ ಒತ್ತಿದರು, ಬೆಂಕಿ ಸಾಲದು ಎಂದರು. ಕಣ್ಣು ಬಿಟ್ಟಾಗ ನನ್ನ ಒದ್ದೆ ಗುರುತಿಗಿಂತ ಒಂದು ಗೇಣು ಕೆಳಗೆ ಇನ್ನೊಂದು ಒದ್ದೆ ಗುರುತು ಕಂಡಿತು. ಅದರ ಅಂಚು ಆಗಲೇ ಒಣಗುತ್ತ ಬಂದಿತ್ತು. ನಾನು ಅಲ್ಲಿಗೆ ನೀರು ಹಾಕಿರಲಿಲ್ಲ. ಮನೆಯಲ್ಲಿ ಇರುವವರು ಇಬ್ಬರೇ.

ಹೊರಗೆ ಬಂದೆ. ಜಯಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದಳು. ಅವಳ ಮೂಗಿನ ತುದಿಯಲ್ಲಿ ಬೆಳ್ಳಗೆ ಸುಣ್ಣ. ಇಷ್ಟು ದಿನದ ವಿಚಾರಣೆ, ಜೇಬಿನ ತಪಾಸಣೆ, ಬೆಂಕಿಪೊಟ್ಟಣ ಎಲ್ಲಕ್ಕೂ ಸೇರಿಸಿ ಒಂದೇ ಒಂದು ವಾಕ್ಯ ಸಾಕು ಎಂದುಕೊಂಡು, ಅದನ್ನು ಮನಸ್ಸಿನಲ್ಲಿ ಎರಡು ಸಲ ತಿದ್ದಿ, ಗಂಟಲು ಸರಿಮಾಡಿಕೊಂಡು, "ಜಯಾ, ಆ ಕೋಣೆಗೆ ನೀನು" ಎಂದು ಶುರುಮಾಡಿದೆ.

ಅವಳು ತಲೆ ಎತ್ತಿ ನನ್ನ ಮುಖವನ್ನೊಮ್ಮೆ ನೋಡಿದಳು. "ಮೊದ್ಲು ನಿಮ್ ಮೂಗ ಒರಸ್ಕಳಿ. ಸುಣ್ಣ ಅಂಟ್ಕಂಡದೆ" ಎಂದು ಮತ್ತೆ ಕಾಳಿಗೆ ಬಗ್ಗಿದಳು.

ಟವಲ್ಲಿನಿಂದ ಒರೆಸಿಕೊಂಡೆ. ಅವಳ ಮೂಗಿನದ್ದು ಹಾಗೇ ಇತ್ತು. ನಾನು ಹೇಳಲಿಲ್ಲ.